ವಕೀಲರ ಕೋಟಿನ ಮೇಲಿನ ಬಿಳಿ ಪುಡಿ

ಟೈಲರಮ್ಮನ ಮನೆಯಲ್ಲಿ ಎರಡು ಜಾತಿಯ ಸೂಜಿಗಳಿದ್ದವು. ಒಂದು ಬಟ್ಟೆಗೆ, ಇನ್ನೊಂದು ಗಂಡನಿಗೆ. ಬಟ್ಟೆ ಯಾವತ್ತೂ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದಿಲ್ಲವಾದ್ದರಿಂದ ಎರಡರಲ್ಲಿ ಬಟ್ಟೆಯೇ ವಾಸಿ ಎಂದು ಅವಳ ಅಭಿಪ್ರಾಯ.

ಗಂಡ ಎರಡು ಬೀದಿ ಆಚೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಇಪ್ಪತ್ತೇಳು ವರ್ಷದಿಂದ ಕೊರಳಲ್ಲಿ ಸೀಟಿ. ಅದನ್ನು ಒಂದು ಸಲ ಊದಿದರೆ ನಾಲ್ಕುನೂರು ಮಕ್ಕಳು ಕಡ್ಡಿ ನೆಟ್ಟ ಹಾಗೆ ನಿಲ್ಲುತ್ತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳೂ, ತಮ್ಮದೇನಾದರೂ ತಪ್ಪಾಯಿತೇ ಎಂಬಂತೆ, ಒಂದು ಕ್ಷಣ ನಿಧಾನವಾಗುತ್ತಿದ್ದವು. ಅಂಥ ಮೇಷ್ಟ್ರು ಸಕ್ಕರೆ ಕಾಯಿಲೆ ಬಂದಲ್ಲಿಂದ, ಅಂದರೆ ಒಂಬತ್ತು ವರ್ಷದಿಂದ, ದಿನಕ್ಕೆ ಮೂರು ಸಲ ಊಟಕ್ಕೆ ಮುಂಚೆ ಹೊಲಿಗೆ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಕೂತು, ಅಂಗಿ ಎತ್ತಿ, ಮುಖವನ್ನು ಗೋಡೆಗೆ ತಿರುಗಿಸಿ, ಮಿಷನ್ನಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಟೈಲರಮ್ಮ ಇನ್ಸುಲಿನ್ ಚುಚ್ಚುತ್ತಿದ್ದಳು.

ಆ ಎರಡು ನಿಮಿಷ ಮೇಷ್ಟ್ರ ಬಾಯಿಗೆ ಬೀಗ. ಉಳಿದ ಹೊತ್ತಿನಲ್ಲಿ ಆ ಬಾಯಿಗೆ ರಜೆಯೇ ಇರಲಿಲ್ಲ. ನಿಲ್ಲುವುದು ಹೇಗೆ, ಕೂರುವುದು ಹೇಗೆ, ಉಸಿರಾಡುವುದು ಹೇಗೆ ಎಂದು ಹಾಲು ತರುವವನಿಗೂ ಪಾಠ ಹೇಳುವ ಬಾಯಿ ಅದು. ಟೈಲರಮ್ಮ ಈ ಎರಡು ನಿಮಿಷದ ಬೆಲೆಯನ್ನು ಮೊದಲ ವಾರದಲ್ಲೇ ಕಂಡುಕೊಂಡಿದ್ದಳು. ಮಿಷನ್ನಿಗೆ ಮೋಟರ್ ಬಂದದ್ದು ಒಂದು ಬೆಳಗಿನ ಸೂಜಿಯಲ್ಲಿ. ಮಗಳು ಹಾಸ್ಟೆಲ್ಲಿದ್ದ ಕಾಲೇಜಿಗೆ ಸೇರಿದ್ದು ಎರಡು ಮಧ್ಯಾಹ್ನದ ಸೂಜಿಗಳಲ್ಲಿ. "ಹ್ಞೂಂ" ಎಂದು ಮೇಷ್ಟ್ರು ನೋವಿಗೆ ಹೇಳುತ್ತಿದ್ದರೋ ಒಪ್ಪಿಗೆಗೆ ಹೇಳುತ್ತಿದ್ದರೋ, ಟೈಲರಮ್ಮ ಅದನ್ನು ಒಪ್ಪಿಗೆ ಎಂದೇ ದಾಖಲಿಸಿಕೊಳ್ಳುತ್ತಿದ್ದಳು.

ಈಗ ಅವಳ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯವೊಂದು ಹಣ್ಣಾಗಿತ್ತು: ಮುಂದಿನ ಕೋಣೆ. ಬೀದಿಗೆ ಬಾಗಿಲಿದ್ದ, ದಿನವಿಡೀ ಬೆಳಕಿದ್ದ ಆ ಕೋಣೆಯನ್ನು ಮೇಷ್ಟ್ರ ಶೀಲ್ಡುಗಳ ಗಾಜಿನ ಬೀರು ಆಕ್ರಮಿಸಿತ್ತು. ಅವಳ ಗಿರಾಕಿಗಳು ಒಗ್ಗರಣೆಯ ಹೊಗೆ ಕುಡಿಯುತ್ತ ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಬರಬೇಕಿತ್ತು. ಬೀರು ಹಿಂದಕ್ಕೆ ಹೋಗಬೇಕು, ಮಿಷನ್ನು ಮುಂದಕ್ಕೆ ಬರಬೇಕು. ಇದು ಒಂದೆರಡು ಸೂಜಿಗೆ ಆಗುವ ಕೆಲಸವಲ್ಲ, ಇಡೀ ವಾರದ ಸೂಜಿಗಳು ಬೇಕು ಎಂದು ಅಂದಾಜು ಮಾಡಿ, ಸೋಮವಾರದಿಂದ ಶುರು ಎಂದು ಇಟ್ಟುಕೊಂಡಿದ್ದಳು.

ಭಾನುವಾರ ಮೇಷ್ಟ್ರು ಕೈಯಲ್ಲಿ ಒಂದು ಕಾಗದ ಬೀಸುತ್ತ ಬಂದರು.

"ಇನ್ಮೇಲೆ ನಿನ್ನ ಸೂಜಿ ನಿನ್ನ ಬಟ್ಟೆಗೆ ಮಾತ್ರ ಕಣೆ. ಆಸ್ಪತ್ರೇಲಿ ಹೊಸ ಔಷಧ ಪರೀಕ್ಷೆ ಮಾಡ್ತಿದಾರೆ. ಅದೇ ಇನ್ಸುಲಿನ್ನು, ಪುಡಿ ರೂಪದಲ್ಲಿ. ಬಾಯಲ್ಲಿ ಇಟ್ಕೊಂಡು ಉಸಿರು. ಅಷ್ಟೇ. ಚುಚ್ಚೋದು ಇಲ್ಲ, ಏನೂ ಇಲ್ಲ."

"ಉಸಿರಾಡಿದ್ರೆ ಸಕ್ಕರೆ ಕಾಯಿಲೆ ಹೋಗತ್ತಾ?"

"ನೀನು ಉಸಿರಾಡಿದ್ರೆ ಹೋಗಲ್ಲ. ಅದಕ್ಕೂ ಒಂದು ವಿದ್ಯೆ ಇದೆ. ಉಸಿರಿನ ವಿಷಯದಲ್ಲಿ ನನಗೆ ಪಾಠ ಹೇಳೋರು ಈ ಸುತ್ತಮುತ್ತ ಯಾರಿದಾರೆ ಹೇಳು."

ಯಾರೂ ಇರಲಿಲ್ಲ. ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಅವತ್ತೇ ಇಬ್ಬರೂ ಹೋದರು. ಆಸ್ಪತ್ರೆಯಲ್ಲಿ ಟೈಲರಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಳಗೆ ಪರೀಕ್ಷೆಗೆ ಸೇರುವವರಿಗೆ ಮಾತ್ರ ಪ್ರವೇಶ. ಬಾಗಿಲಿನ ಗಾಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಪರದೆ. ಕಾಣುವ ಅರ್ಧದಲ್ಲಿ ಮೊದಲು ಶ್ವಾಸಕೋಶದ ಪರೀಕ್ಷೆ ನಡೆಯಿತು. ನರ್ಸಮ್ಮ ಒಂದು ಕೊಳವೆ ಕೊಟ್ಟು, "ಎಷ್ಟು ಜೋರಾಗಿ ಆಗತ್ತೋ ಅಷ್ಟು ಜೋರಾಗಿ ಊದಿ" ಎಂದಳು. ಮೇಷ್ಟ್ರು ಊದಿದರು. ಯಂತ್ರದ ಕಾಗದದ ಮೇಲೆ ಗೆರೆ ಮೇಲಕ್ಕೆ ಹೋಗಿ, ಜಾಗ ಸಾಲದೆ ನಿಂತಿತು. ಡಾಕ್ಟರು ಎದ್ದು ಬಂದು ನೋಡಿದರು. ಪಕ್ಕದ ಕೋಣೆಯಿಂದ ಇಬ್ಬರು ಬಂದು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ಇಪ್ಪತ್ತೇಳು ವರ್ಷದಲ್ಲಿ ತಮ್ಮ ಊದುವಿಕೆಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಮೇಷ್ಟ್ರ ಎದೆ ಉಬ್ಬಿದ್ದು ಮತ್ತೆ ಇಳಿಯಲಿಲ್ಲ.

ಆಮೇಲೆ ಪರದೆಯ ಹಿಂದೆ ತರಬೇತಿ. ಅಭ್ಯಾಸಕ್ಕೆಂದೇ ಇರುವ ಖಾಲಿ ಸಾಧನವೊಂದಿತ್ತು. ಸರಿಯಾದ ವೇಗದಲ್ಲಿ ಉಸಿರು ಎಳೆದುಕೊಂಡರೆ ಅದು ಸೀಟಿಯ ಹಾಗೆ ಸಣ್ಣಗೆ ಕೂಗುತ್ತಿತ್ತು. ನರ್ಸಮ್ಮ ಪರದೆಯ ಈಚೆ ಫಾರಂ ತುಂಬುತ್ತ, "ತುಟಿಯಲ್ಲಿ ಹಿಡ್ಕೊಂಡು ನಿಧಾನವಾಗಿ..." ಎಂದು ಶುರು ಮಾಡಿದಳು.

"ಸಿಸ್ಟರ್, ನಾನು ವರ್ಷಕ್ಕೆ ನಾಲ್ಕುನೂರು ಮಕ್ಕಳಿಗೆ ಉಸಿರಾಟ ಕಲಿಸ್ತೀನಿ. ಉಸಿರಾಟ ಅಂದ್ರೆ ಮೂರು ಹಂತ. ಮೊದಲನೇ ಹಂತದಲ್ಲಿ ಬೆನ್ನು..." ಎಂದು ಪರದೆಯ ಆಚೆಯಿಂದ ಮೇಷ್ಟ್ರು ಅವಳಿಗೆ ಕಲಿಸಲು ಕೂತರು. ಮೂರು ಹಂತ ಮುಗಿದ ಮೇಲೆ ಸೀಟಿ ಕೇಳಿಸಿತು. ಜೋರಾಗಿಯೇ ಕೇಳಿಸಿತು. ಬೆಂಚಿನಲ್ಲಿದ್ದ ಟೈಲರಮ್ಮನೂ ಬೆಚ್ಚಿ ನೆಟ್ಟಗೆ ಕೂತಳು. ನರ್ಸಮ್ಮ "ಸರಿ ಇದೆ" ಎಂದು ಫಾರಮ್ಮಿನಲ್ಲಿ ಗುರುತು ಹಾಕಿದಳು.

ಆ ಒಂದು ಗುರುತಿನಿಂದ ಮುಂದೆ ಎಷ್ಟು ಜನ ಎಷ್ಟು ಜನರನ್ನು ಸಂಶಯದಿಂದ ನೋಡಿದರು ಎಂಬುದು ಆ ಹುಡುಗಿಗೆ ಆಗ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಅಭ್ಯಾಸಬಲದಿಂದ ಅದೇ ಕುರ್ಚಿಯಲ್ಲಿ ಬಂದು ಕೂತರು. ಈ ಸಲ ಅಂಗಿ ಇಳಿದೇ ಇತ್ತು, ಮುಖ ಗೋಡೆಯ ಕಡೆ ಇರಲಿಲ್ಲ. ಎದುರಿಗೆ ಟೈಲರಮ್ಮನ ಅಳತೆಯ ಗೊಂಬೆ, ಪಕ್ಕದ ಮನೆ ವಕೀಲರಿಗಾಗಿ ಹೊಲಿದ ಹೊಸ ಕರಿ ಕೋಟು ತೊಟ್ಟು ನಿಂತಿತ್ತು. ತಲೆಯಿಲ್ಲದ ಆ ಗೊಂಬೆಯನ್ನು ಮೇಷ್ಟ್ರು ಗೌರವದಿಂದ ನೋಡಿದರು. ಮನೆಯಲ್ಲಿ ತಮ್ಮ ಪಾಠಕ್ಕೆ ಎದುರಾಡದ ಪ್ರಾಣಿ ಅದೊಂದೇ.

"ನೀನು ಆಚೆ ಹೋಗು."

"ಯಾಕೆ? ನಾನು ನೋಡಬಾರದಾ?"

"ಗಾಳಿ ಕದಲಬಾರದು. ಇದು ಏಕಾಗ್ರತೆಯ ಕೆಲಸ. ಬಾಗಿಲು ಹಾಕ್ಕೊಂಡು ಹೋಗು."

ಟೈಲರಮ್ಮ ಬಾಗಿಲು ಹಾಕಿಕೊಂಡು ಆಚೆ ನಿಂತಳು. ಒಂಬತ್ತು ವರ್ಷ ಅವಳಿಲ್ಲದೆ ನಡೆಯದಿದ್ದ ಕಾರ್ಯಕ್ರಮ ಈಗ ಅವಳು ಇದ್ದರೆ ನಡೆಯುವುದಿಲ್ಲ ಎಂದಾಗಿತ್ತು. ಒಳಗಿನಿಂದ "ಹುಶ್" ಎಂದು ಒಂದು ಸದ್ದು ಬಂತು. ಆ ಸಾಧನದ ಮೇಲೆ ಅವಳಿಗೆ ಅಂದೇ ಸಂಶಯ ಹುಟ್ಟಿತು. ಅದರ ಕೆಲಸದ ಬಗ್ಗೆಯಲ್ಲ, ನಡತೆಯ ಬಗ್ಗೆ.

ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ತಮ್ಮ ಸೂಜಿಯಿಲ್ಲದ ಬಾಳಿನ ಬಗ್ಗೆ ಮಾತಾಡಿದರು. ಮುಂದಿನ ಕೋಣೆಯ ವಿಷಯ ಎತ್ತಲು ಟೈಲರಮ್ಮನಿಗೆ ಒಂದು ಸಂದೂ ಸಿಗಲಿಲ್ಲ.

ಎರಡು ವಾರದ ಮೇಲೆ ರಕ್ತ ಪರೀಕ್ಷೆಯಾಯಿತು. ನೂರೈವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಇನ್ನೂರ ಎಪ್ಪತ್ತಾಗಿತ್ತು.

ಸುದ್ದಿ ತಿಳಿದ ಮರುದಿನವೇ ಮೇಷ್ಟ್ರ ಅಕ್ಕ ಕೈಯಲ್ಲೊಂದು ಚೀಲ ಹಿಡಿದು ಬಂದಿಳಿದರು. ತಮ್ಮನಿಗೆ ತಾಯಿಯ ಸಮಾನ ಎಂದು ತಮ್ಮನ್ನು ತಾವೇ ನೇಮಿಸಿಕೊಂಡಿದ್ದವರು. ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯ ಕಡೆ ಕತ್ತು ಚಾಚಿದರು.

"ಸಕ್ಕರೆ ಡಬ್ಬಿ ಎಲ್ಲಿಡ್ತೀಯೇ?"

"ಅಲ್ಲೇ ಇದೆಯಲ್ಲ ಅತ್ತಿಗೆ, ಕಾಫಿಪುಡಿ ಪಕ್ಕ."

"ಓಹೋ. ಅವನ ಕೈಗೆ ಸಿಗೋ ಹಾಗೇ ಇಟ್ಟಿದೀಯ."

"ಒಂಬತ್ತು ವರ್ಷದಿಂದ ಅಲ್ಲೇ ಇದೆ."

"ಒಂಬತ್ತು ವರ್ಷ ಸೂಜಿ ನಿನ್ನ ಕೈಲಿತ್ತು," ಎಂದರು ಅಕ್ಕ. ಹೇಳಬೇಕಾದ್ದೆಲ್ಲ ಅದರಲ್ಲೇ ಬಂದಿತ್ತು.

ವಕೀಲರು ಕಾಂಪೌಂಡಿನ ಆಚೆಯಿಂದಲೇ ಮೊಕದ್ದಮೆಗೆ ಸೇರಿಕೊಂಡರು. ಗಡಿಯಾರ ಹನ್ನೊಂದು ಹೊಡೆದರೂ "ಯಾರು ಹೇಳಿದ್ದು" ಎಂದು ಕೇಳುವ ಮನುಷ್ಯ ಅವರು. ಅವರ ಪ್ರಕಾರ ಎಲ್ಲ ಔಷಧ ಕಂಪನಿಯವರ ಕೈವಾಡ.

"ಇಂಥ ಪರೀಕ್ಷೆಗಳಲ್ಲಿ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಹಿಟ್ಟು ಕೊಡ್ತಾರೆ ಮೇಷ್ಟ್ರೇ. ನೀವು ಹಿಟ್ಟಿನ ಕಡೆ ಬಿದ್ದಿದೀರಿ."

"ನನ್ನ ಫಾರಮ್ಮಿನಲ್ಲಿ ಹಾಗೆ ಬರೆದಿಲ್ವಲ್ಲ. ಎಲ್ಲರಿಗೂ ಔಷಧವೇ ಅಂದ್ರು."

"ಬರೆದಿಲ್ಲ ಅನ್ನೋದೇ ನನ್ನ ಪಾಯಿಂಟು."

ಅಂದಿನಿಂದ ಆ ಮನೆಯಲ್ಲಿ ಯಾರೂ ಯಾರ ಕಡೆಗೂ ನೇರವಾಗಿ ನೋಡಲಿಲ್ಲ. ಮೇಷ್ಟ್ರು ಕಂಪನಿಯ ಮೇಲೆ ಕಣ್ಣಿಟ್ಟರು. ಪುಡಿಯ ಪೊಟ್ಟಣವನ್ನು ಬೆಳಕಿಗೆ ಹಿಡಿದು, ಮೂಸಿ, ಅಲ್ಲಾಡಿಸಿ ನೋಡಿದರು. ಟೈಲರಮ್ಮ ಮೇಷ್ಟ್ರ ಮೇಲೆ ಕಣ್ಣಿಟ್ಟಳು. ಅಂಗಿಯ ಜೇಬುಗಳನ್ನು ತಡಕಿದಳು. ಅಕ್ಕ ಟೈಲರಮ್ಮನ ಮೇಲೆ ಕಣ್ಣಿಟ್ಟರು. ಸಕ್ಕರೆ ಡಬ್ಬಿಗೆ ಪುಟ್ಟ ಬೀಗ ಬಂತು, ಬೀಗದ ಕೈ ಅಕ್ಕನ ಸೆರಗಿನ ಗಂಟು ಸೇರಿತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಪೆನ್ಸಿಲಿನಿಂದ "ಹನ್ನೊಂದು" ಎಂದು ಬರೆದಿಟ್ಟರು. ಸಂಜೆ ಹತ್ತಾಗಿತ್ತು. ಒಂದನ್ನು ತಾವೇ ಕಾಫಿಗೆ ಅದ್ದಿ ತಿಂದಿದ್ದು ನೆನಪಾಗುವ ಹೊತ್ತಿಗೆ ಮನೆಯಲ್ಲಿ ಎರಡು ಗಂಟೆ ಯಾರೂ ಮಾತಾಡಿರಲಿಲ್ಲ.

ಮೇಷ್ಟ್ರ ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಟೈಲರಮ್ಮನಿಗೆ ಒಂದು ದಿನ ಹದಿನಾಲ್ಕು ಪೆಪ್ಪರ್‌ಮಿಂಟು ಸಿಕ್ಕವು. ಅವಳು ಅವನ್ನು ಸಾಲಾಗಿ ಮಿಷನ್ನಿನ ಮೇಲೆ ಜೋಡಿಸಿ ಕಾದಳು.

"ಏನ್ರೀ ಇದು?"

"ಎಂಟನೇ ಕ್ಲಾಸಿನವರಿಂದ ಕಿತ್ಕೊಂಡಿದ್ದು. ಡ್ರಿಲ್ ಪೀರಿಯಡ್‌ನಲ್ಲಿ ಬಾಯಲ್ಲಿ ಇಟ್ಕೊಂಡು ನಿಂತಿದ್ರು. ಎಣಿಸಿ ನೋಡು, ಹದಿನಾಲ್ಕಕ್ಕೆ ಹದಿನಾಲ್ಕೂ ಇದೆ."

"ಹದಿನೈದು ಇರಲಿಲ್ಲ ಅಂತ ಏನು ಗ್ಯಾರಂಟಿ?"

ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದರು. "ಜೇಬಲ್ಲಿ ಇಟ್ಟೋರು ಯಾರು, ತೆಗೆದೋರು ಯಾರು ಅಂತ ನಾವೇನು ನೋಡಿದೀವಾ?" ಎಂದು ಗೋಡೆಯನ್ನು ಕೇಳಿದರು.

ಮೂರನೇ ವಾರ ಸಕ್ಕರೆ ಮುನ್ನೂರ ಹತ್ತು. ಮೇಷ್ಟ್ರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಡ್ರಿಲ್ ಮಧ್ಯೆ ಎರಡು ಸಲ ಮಕ್ಕಳನ್ನು "ವಿಶ್ರಾಂ" ಎಂದು ನಿಲ್ಲಿಸಿ ಓಡಿಹೋಗಿದ್ದರು. ಆಸ್ಪತ್ರೆಯಿಂದ ಫೋನು ಬಂತು: ಉಳಿದವರಿಗೆಲ್ಲ ಔಷಧ ನಾಟುತ್ತಿದೆ, ಇವರೊಬ್ಬರಿಗೇ ಇಲ್ಲ, ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಪರೀಕ್ಷೆಯ ಅಧಿಕಾರಿ ಮನೆಗೇ ಬಂದು ನೋಡುತ್ತಾರೆ. ಮನೆಯ ಕಡೆ ತಪ್ಪು ಕಂಡರೆ ಮೇಷ್ಟ್ರನ್ನು ಪರೀಕ್ಷೆಯಿಂದ ಕೈಬಿಡುತ್ತಾರೆ.

ಅಕ್ಕ ಟೈಲರಮ್ಮನನ್ನು ಅಡುಗೆಮನೆಗೆ ಕರೆದರು.

"ನೋಡು, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಸೂಜಿ ನಿನ್ನ ಕೈಲಿದ್ದಾಗ ಅವನು ನಿನ್ನ ಹಿಡಿತದಲ್ಲಿದ್ದ. ಈಗ ಇಲ್ಲ. ಅದಕ್ಕೆ ನೀನು ಏನೋ ಹಾಕ್ತಿದೀಯ. ಶನಿವಾರ ಅವರು ಬಂದು ನಿನ್ನ ಕಡೆ ಬೆರಳು ತೋರಿಸಿದ್ರೆ, ನಾನು ನನ್ನ ತಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಅವನ ಊಟ ನಾನೇ ನೋಡ್ಕೋತೀನಿ."

"ನಾನು ಅವರಿಗೆ ಸಿಹಿ ಹಾಕ್ತೀನಾ ಅತ್ತಿಗೆ? ಒಂಬತ್ತು ವರ್ಷ ನನ್ನ ಕಾಫಿಗೂ ಸಕ್ಕರೆ ಹಾಕ್ಕೊಂಡಿಲ್ಲ ನಾನು."

"ಅದು ನೀನು ಹೇಳ್ತಿರೋದು."

ಟೈಲರಮ್ಮ ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು. ಮೇಷ್ಟ್ರು "ಅಕ್ಕ ಹಾಗಂದ್ರೆ ಹಾಗಲ್ಲ" ಎಂದು ಏನೋ ಗೊಣಗಿ, ನೀರು ಕುಡಿಯಲು ಹೋದರು. ಹೊಗೆಯಾಡುತ್ತಿದ್ದ ಒಲೆಯ ಮುಂದೆ ಅವಳು ಒಬ್ಬಳೇ ಉಳಿದಳು. ಮುಂದಿನ ಕೋಣೆಯ ಮಾತು ಹಾಗಿರಲಿ, ಈಗ ಹಿಂದಿನ ಕೋಣೆಯಲ್ಲೂ ಅವಳ ಮಾತಿಗೆ ಬೆಲೆ ಉಳಿಯುವಂತಿರಲಿಲ್ಲ.

ಇದೆಲ್ಲದರ ನಡುವೆ ಗುರುವಾರ ಸಂಜೆ ವಕೀಲರು ಹೊಸ ಕೋಟು ಹಿಡಿದುಕೊಂಡು ವಾಪಸು ಬಂದರು.

"ಟೈಲರಮ್ಮ, ಬೆಳಿಗ್ಗೆ ಇದನ್ನ ತಗೊಂಡು ಹೋಗಿ ಸೀದಾ ಕೋರ್ಟಿಗೆ ಹಾಕ್ಕೊಂಡು ಹೋದೆ. ಜಡ್ಜ್ ಸಾಹೇಬರು, 'ವಕೀಲರೇ, ಹಿಟ್ಟಿನ ಗಿರಣಿ ಕಡೆಯಿಂದ ಬಂದ್ರಾ' ಅಂದ್ರು. ಇಡೀ ಕೋರ್ಟು ನಕ್ಕಿತು. ಕಕ್ಷಿದಾರನೂ ನಕ್ಕ. ನಿಮ್ಮ ಸೀಮೆಸುಣ್ಣ ಝಾಡಿಸಿ ಕೊಡೋದಲ್ವಾ?"

"ಕರಿ ಬಟ್ಟೆಗೆ ನಾನು ಹಳದಿ ಸೀಮೆಸುಣ್ಣ ಹಾಕೋದು ಸಾರ್. ಬಿಳೀದು ಹಾಕೋದೇ ಇಲ್ಲ."

"ಹಾಗಾದ್ರೆ ಇದೇನು?"

ಕೋಟಿನ ಎದೆಯ ಮೇಲೆ, ಕಾಲರಿನ ಮೇಲೆ, ನುಣ್ಣಗೆ ಬಿಳಿ ಪುಡಿ. ಟೈಲರಮ್ಮ ಕೋಟನ್ನು ತೆಗೆದುಕೊಂಡು, ಶುಕ್ರವಾರ ಸಂಜೆ ಬ್ರಷ್ಷಿನಿಂದ ಎಳೆ ಎಳೆಯನ್ನೂ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಗೊಂಬೆಗೆ ತೊಡಿಸಿದಳು. ಶನಿವಾರ ಹನ್ನೊಂದಕ್ಕೆ ವಕೀಲರು ಬಂದಾಗ ಕೋಟಿನ ಎದೆಯ ಮೇಲೆ ಮತ್ತೆ ಬಿಳಿ.

"ಇದು ಸೀಮೆಸುಣ್ಣ ಅಲ್ಲ," ಎಂದರು ವಕೀಲರು, ದನಿ ತಗ್ಗಿಸಿ. "ಯಾರೋ ನನ್ನ ಮೇಲೆ ಏನೋ ಮಾಡಿಸ್ತಿದಾರೆ."

ಟೈಲರಮ್ಮ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಕೋಟನ್ನು ಟೈಲರಿನ ಕಣ್ಣಿನಿಂದ ನೋಡುತ್ತಿದ್ದಳು. ಮೇಲಿನಿಂದ ಬೀಳುವ ಧೂಳಾದರೆ ಭುಜದ ಮೇಲೆ ಕೂರಬೇಕು. ಭುಜ ಸ್ವಚ್ಛವಾಗಿತ್ತು. ಕೋಟನ್ನು ತಿರುಗಿಸಿ ಬೆನ್ನು ನೋಡಿದಳು, ಅಲ್ಲೂ ಇಲ್ಲ. ಎಲ್ಲ ಎದುರುಗಡೆಯಿಂದ, ಎದೆಯ ನಡುವಿಗೆ, ಬೀಸಿ ಹೊಡೆದ ಹಾಗೆ. ನಿನ್ನೆ ಸಂಜೆಯಿಂದ ಈ ಕೋಣೆಗೆ ಬಂದವರು ಒಬ್ಬರೇ. ಬಂದದ್ದು ಎರಡು ಸಲ. ಎರಡೂ ಊಟದ ಮುಂಚೆ.

ಕೊರಳಲ್ಲಿದ್ದ ಅಳತೆ ಟೇಪು ತೆಗೆದಳು. ಕುರ್ಚಿಯಿಂದ ಗೊಂಬೆಗೆ ಮೂರೂವರೆ ಅಡಿ. ತಾನೇ ಆ ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಬಾಯಿಯ ಎತ್ತರ ನೋಡಿದಳು. ನೇರವಾಗಿ ಕೋಟಿನ ಮೂರನೇ ಗುಂಡಿ.

ಆಸ್ಪತ್ರೆಯ ಬೆಂಚಿಗೆ ಕೇಳಿಸಿದ್ದ ಆ ಸೀಟಿ ಈಗ ಅವಳ ಕಿವಿಯಲ್ಲಿ ಇನ್ನೊಮ್ಮೆ ಕೂಗಿತು. ನಗು ಹೊಟ್ಟೆಯಿಂದ ಎದ್ದು ಬಂತು. ಬಾಯಲ್ಲಿ ಒಂದು ತುಂಡು ದಾರ ಕಚ್ಚಿಕೊಂಡಳು.

"ಏನು? ಏನಾಯ್ತು?" ಎಂದರು ವಕೀಲರು.

"ಒಂದು ಗಂಟೆಗೆ ಬನ್ನಿ ಸಾರ್. ಕೋಟೂ ಕೊಡ್ತೀನಿ, ಮಾಡಿಸಿದೋರನ್ನೂ ತೋರಿಸ್ತೀನಿ."

ಗಂಡನಿಗೆ ಹೇಳಬಹುದಿತ್ತು. ಹೇಳಿದ್ದರೆ "ನಿನಗೆ ವಿಜ್ಞಾನ ಗೊತ್ತಿಲ್ಲ" ಎನ್ನುತ್ತಿದ್ದರು. ಅತ್ತಿಗೆಗೆ ಹೇಳಬಹುದಿತ್ತು. ಹೇಳಿದ್ದರೆ "ಕಥೆ ಕಟ್ಟೋದರಲ್ಲಿ ನೀನು ಎತ್ತಿದ ಕೈ" ಎನ್ನುತ್ತಿದ್ದರು. ಟೈಲರಮ್ಮ ಯಾರಿಗೂ ಏನೂ ಹೇಳದೆ, ಗೊಂಬೆಯನ್ನು ಕೋಟಿನ ಸಮೇತ ಎತ್ತಿ ಮೂಲೆಗಿಟ್ಟಳು. ಅದು ನಿಂತಿದ್ದ ಜಾಗವನ್ನು ಒರೆಸಿ, ಅಲ್ಲಿ ಮನೆಯ ಒಳ್ಳೆಯ ಕುರ್ಚಿಯನ್ನು ಹಾಕಿದಳು.

ಒಂದು ಗಂಟೆಗೆ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಚೀಲದ ತುಂಬ ಫಾರಮ್ಮುಗಳು. ಹಿಂದೆ ನರ್ಸಮ್ಮ. ಮೇಷ್ಟ್ರು ಶಾಲೆಯಿಂದ ಸೀಟಿಯ ಸಮೇತ ಬಂದಿದ್ದರು. ಅಕ್ಕ ತಮ್ಮ ಹೊಸ ಕಡುನೀಲಿ ಸೀರೆ ಉಟ್ಟು, ಸಾಕ್ಷಿ ಹೇಳಲು ಸಿದ್ಧರಾಗಿದ್ದರು.

"ಅತ್ತಿಗೆ, ನೀವು ಹಿರಿಯರು. ಇಲ್ಲಿ ಎದುರಿಗೇ ಕೂತ್ಕೊಳ್ಳಿ, ಎಲ್ಲ ಚೆನ್ನಾಗಿ ಕಾಣತ್ತೆ," ಎಂದಳು ಟೈಲರಮ್ಮ.

ಅಕ್ಕನಿಗೆ ಈ ವಿನಯದ ಮೇಲೆ ಒಂದು ಕ್ಷಣ ಸಂಶಯ ಬಂತು. ಆದರೆ ಕುರ್ಚಿ ನಿಜವಾಗಿಯೂ ಒಳ್ಳೆಯದಿತ್ತು. ಕೂತರು.

ಅಧಿಕಾರಿ ಮೊದಲು ಪ್ರಶ್ನೆ ಕೇಳಿದರು. ಮೇಷ್ಟ್ರು ಕಂಪನಿಯ ಮೇಲೆ ಹೇಳಿದರು. ವಕೀಲರು, ಯಾರೂ ಕೇಳದಿದ್ದರೂ, ಹಿಟ್ಟಿನ ಮೇಲೆ ಹೇಳಿದರು. ಅಕ್ಕ ಸೊಸೆಯಾಗಿ ಬಂದ ಹೆಣ್ಣುಮಕ್ಕಳ ಮೇಲೆ ಸಾಮಾನ್ಯವಾಗಿಯೂ, ಒಬ್ಬಳ ಮೇಲೆ ವಿಶೇಷವಾಗಿಯೂ ಹೇಳಿದರು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಟೈಲರಮ್ಮನ ಕಡೆ ತಿರುಗಿದರು.

"ನೀವೇನು ಹೇಳ್ತೀರಮ್ಮ?"

"ನನ್ನದೇನಿಲ್ಲ ಸಾರ್. ಊಟದ ಹೊತ್ತಾಯ್ತು. ಅವರು ಔಷಧ ತಗೊಳ್ಳಿ. ನೀವು ನೋಡಿ."

"ಬಾಗಿಲು ಹಾಕಬೇಕು, ಎಲ್ಲರೂ ಆಚೆ..." ಎಂದು ಮೇಷ್ಟ್ರು ಶುರು ಮಾಡಿದರು.

"ನಾನು ನೋಡಲೇಬೇಕು," ಎಂದರು ಅಧಿಕಾರಿ.

"ನೋಡಿ. ನೋಡಿ ಕಲ್ತ್ಕೊಳ್ಳಿ." ಮೇಷ್ಟ್ರು ಕುರ್ಚಿಯಲ್ಲಿ ಕೂತು ಬೆನ್ನು ನೆಟ್ಟಗೆ ಮಾಡಿದರು. "ಮೊದಲನೇ ಹಂತ, ಮೂಗಿನಿಂದ ದೀರ್ಘವಾಗಿ." ಎದೆ ಉಬ್ಬಿತು. ಅಂಗಿಯ ಗುಂಡಿಗಳು ಬಿಗಿದವು. ಪುಡಿಯ ಪೊಟ್ಟಣ ಸಾಧನಕ್ಕೆ ಸೇರಿತು, ಸಾಧನ ತುಟಿಗೆ ಸೇರಿತು. ಕೆನ್ನೆಗಳು ಎರಡು ನಿಂಬೆಹಣ್ಣಿನಷ್ಟಾದವು.

"ಹುಶ್" ಎಂದಿತು.

ಕಿಟಕಿಯ ಬಿಸಿಲಿನಲ್ಲಿ ಒಂದು ಸಣ್ಣ ಬಿಳಿ ಮೋಡ ಹುಟ್ಟಿತು. ಅವಸರವೇ ಇಲ್ಲದೆ ಮೂರೂವರೆ ಅಡಿ ಸಾಗಿ, ಅಕ್ಕನ ಮೂಗು, ರೆಪ್ಪೆ, ಕಡುನೀಲಿ ಸೀರೆಯ ಮೇಲೆ ಇಳಿಯಿತು.

ಅಕ್ಕ ಒಂದು ಸೀನು ಸೀನಿದರು.

"ನನ್ನ ಕೋಟು," ಎಂದರು ವಕೀಲರು ಮೆಲ್ಲಗೆ.

ಅಧಿಕಾರಿ ನರ್ಸಮ್ಮನನ್ನು ನೋಡಿದರು. ನರ್ಸಮ್ಮ ತನ್ನ ಫಾರಮ್ಮಿನ ಗುರುತನ್ನು ನೋಡಿದಳು. "ಸೀಟಿ ಕೇಳಿಸ್ತು ಸಾರ್," ಎಂದಳು, ಅಳು ಬರುವ ದನಿಯಲ್ಲಿ. "ಜೋರಾಗಿ ಕೇಳಿಸ್ತು."

"ಮೇಷ್ಟ್ರೇ," ಎಂದರು ಅಧಿಕಾರಿ, "ಇದನ್ನ ಒಳಕ್ಕೆ ಎಳ್ಕೋಬೇಕು. ನೀವು ಊದ್ತಿದೀರಿ."

"ಸೀಟಿ ಅಂದ್ಮೇಲೆ ಊದೋದಲ್ವಾ?" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಇಪ್ಪತ್ತೇಳು ವರ್ಷದ ನಂಬಿಕೆ ಇತ್ತು.

"ಅಂದ್ರೆ ಮೂರು ವಾರದಿಂದ..."

"ಮೂರು ವಾರದಿಂದ ದಿನಕ್ಕೆ ಮೂರು ಹೊತ್ತು," ಎಂದಳು ಟೈಲರಮ್ಮ, ಮೂಲೆಯಲ್ಲಿದ್ದ ಗೊಂಬೆಯನ್ನು ತೋರಿಸುತ್ತ, "ಇನ್ಸುಲಿನ್ ತಗೊಂಡಿದ್ದು ಇದು ಸಾರ್. ಇದಕ್ಕೆ ಸಕ್ಕರೆ ಒಂಚೂರೂ ಏರಿಲ್ಲ, ಬೇಕಾದ್ರೆ ನೋಡಿ."

ಅಷ್ಟರಲ್ಲಿ ಅಕ್ಕ ಕುರ್ಚಿಯಿಂದ ಎದ್ದಿದ್ದರು. ಮುಖ ಒರೆಸಿದ ಕೈಯನ್ನು ಗಾಬರಿಯಿಂದ ನೋಡುತ್ತಿದ್ದರು. "ಅಯ್ಯೋ, ಇದು ನನ್ನ ಮೂಗೊಳಗೆ ಹೋಯ್ತಲ್ಲ. ನನಗೆ ಕಾಯಿಲೆ ಇಲ್ಲ. ಸಕ್ಕರೆ ಇಳಿದು ಬಿದ್ದು ಹೋಗ್ತೀನಲ್ಲ ನಾನು."

"ಸೀನಿಬಿಟ್ರಲ್ಲ, ಅಷ್ಟಕ್ಕೆ ಏನೂ ಆಗಲ್ಲಮ್ಮ," ಎಂದು ಅಧಿಕಾರಿ ಹೇಳುವಷ್ಟರಲ್ಲಿ ಅಕ್ಕ ಅಡುಗೆಮನೆಯಲ್ಲಿದ್ದರು. ಸೆರಗಿನ ಗಂಟು ಬಿಚ್ಚುವ, ಬೀಗ ತೆರೆಯುವ, ಚಮಚ ಡಬ್ಬಿಗೆ ತಾಗುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ಚಮಚದ ಸದ್ದು ನಾಲ್ಕು ಸಲ ಕೇಳಿಸಿತು. ಟೈಲರಮ್ಮ ಎಣಿಸಿದಳು.

ಅಧಿಕಾರಿಗೆ ಈಗ ಬೇರೆ ಕಷ್ಟ. ಫಾರಮ್ಮಿನಲ್ಲಿ ಕಾರಣಕ್ಕೆ ಮೂರೇ ಅಂಕಣ: ಔಷಧ ನಾಟಲಿಲ್ಲ, ರೋಗಿ ಔಷಧ ತೆಗೆದುಕೊಳ್ಳಲಿಲ್ಲ, ಮನೆಯವರ ಹಸ್ತಕ್ಷೇಪ. ಮೂರರಲ್ಲಿ ಯಾವುದೂ ಹೊಂದಲಿಲ್ಲ. ವಕೀಲರು ಮೂರಕ್ಕೂ ಆಕ್ಷೇಪಣೆ ಎತ್ತಿದರು. ಕೊನೆಗೆ ಅಧಿಕಾರಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದು, ಪೆನ್ನು ಮುಚ್ಚಿದರು.

"ಡಾಕ್ಟರ ಹತ್ರ ಮಾತಾಡ್ತೀನಿ. ಇವರನ್ನ ಮುಂದುವರಿಸಬೇಕು ಅಂದ್ರೆ ಒಂದು ಷರತ್ತು ಹಾಕ್ತಾರೆ. ಪ್ರತಿ ಹೊತ್ತೂ ಒಬ್ಬರು ಎದುರಿಗೆ ನಿಂತು ನೋಡಿ, ಸಹಿ ಹಾಕಬೇಕು. ಮನೆಯಲ್ಲಿ ಯಾರು ಹಾಕ್ತೀರಿ?"

ಎಲ್ಲರೂ ಟೈಲರಮ್ಮನ ಕಡೆ ನೋಡಿದರು. ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅಕ್ಕನೂ, ತುಟಿಯ ಮೇಲೆ ಎರಡು ಹರಳು ಸಕ್ಕರೆಯ ಜೊತೆ, ನೋಡಿದರು.

"ನನಗೆಲ್ಲಿ ಪುರುಸೊತ್ತು ಸಾರ್," ಎಂದಳು ಟೈಲರಮ್ಮ. "ಬೇಕಾದಷ್ಟು ಬಟ್ಟೆ ಬಿದ್ದಿದೆ. ಅತ್ತಿಗೆ ಅವರನ್ನ ಕರ್ಕೊಂಡು ಹೋಗ್ತೀನಿ ಅಂದಿದ್ರು."

"ಅದು ಸುಮ್ನೆ ಮಾತಿಗೆ ಹೇಳಿದ್ದು ಕಣೇ," ಎಂದರು ಅಕ್ಕ. "ನಿನ್ನ ಬಿಟ್ಟು ಅವನನ್ನ ಯಾರು ನೋಡ್ಕೋತಾರೆ? ಸಕ್ಕರೆ ಗಿಕ್ಕರೆ ಅಂತ ನಾನೇನೋ ಅಂದಿದ್ರೆ ಮನಸ್ಸಲ್ಲಿ ಇಟ್ಕೋಬೇಡ." ಹೇಳಿ, ಬೀಗದ ಕೈಯನ್ನು ಮಿಷನ್ನಿನ ಮೇಲಿಟ್ಟರು.

ಟೈಲರಮ್ಮ ಫಾರಮ್ಮಿಗೆ ಸಹಿ ಹಾಕಿದಳು. ದಾರ ಕಡಿಯುವಷ್ಟೇ ಶಾಂತವಾಗಿ.

ಡಾಕ್ಟರು ಫೋನಿನಲ್ಲೇ ಒಪ್ಪಿದರು. ಅವತ್ತಿನ ಮಟ್ಟಿಗೆ ಏನು ಮಾಡಬೇಕೆಂದೂ ಹೇಳಿದರು. ಅಭ್ಯಾಸದ ಸಾಧನ ಹೊರಗೆ ಬಂತು. ಆದರೆ ಇಪ್ಪತ್ತೇಳು ವರ್ಷದ ತುಟಿಗಳಿಗೆ ಒಂದು ಮಧ್ಯಾಹ್ನದಲ್ಲಿ ಬುದ್ಧಿ ಹೇಳಲಾಗಲಿಲ್ಲ. ತುಟಿಗೆ ಏನು ತಾಗಿದರೂ ಅವು ಊದುತ್ತಿದ್ದವು. "ಎಳೀರಿ" ಎಂದು ಅಧಿಕಾರಿ ಹೇಳಿದರು, ಮೇಷ್ಟ್ರು ಊದಿದರು. "ಬಿಸಿ ಕಾಫಿ ಸೊರ್ ಅಂತ ಹೀರ್ತೀರಲ್ಲ ಅಂಕಲ್, ಹಾಗೆ" ಎಂದು ನರ್ಸಮ್ಮ ಹೇಳಿದಳು, ಮೇಷ್ಟ್ರು ಕಾಫಿ ಆರಿಸುವ ಹಾಗೆ ಊದಿದರು. ಅಧಿಕಾರಿಯ ಫಾರಮ್ಮು ಎರಡು ಸಲ ಮೇಜಿನಿಂದ ಹಾರಿತು.

ಟೈಲರಮ್ಮ ಎದ್ದು ಬಂದು ಗಂಡನ ಕೊರಳಿನಿಂದ ಸೀಟಿಯ ದಾರ ತೆಗೆದಳು. ಅಳತೆ ಟೇಪಿನ ಪಕ್ಕ ತನ್ನ ಕೊರಳಿಗೆ ಹಾಕಿಕೊಂಡಳು.

"ಊದೋದು ಇನ್ಮೇಲೆ ನಾನು. ನೀವಲ್ಲ. ನಾನು ಊದಿದ ತಕ್ಷಣ ನೀವು ಎಳೀರಿ. ಆಜ್ಞೆ ಅಂದ್ರೆ ಆಜ್ಞೆ."

ಒಂದು ಸಲ ಊದಿದಳು. ಬೀದಿಯಲ್ಲಿ ಒಂದು ಸೈಕಲ್ಲು ನಿಧಾನವಾಯಿತು. ಮೇಷ್ಟ್ರ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಸದ್ದಿಗೆ ವಿಧೇಯರಾಗುವುದು ಹೇಗೆಂದು ಇಪ್ಪತ್ತೇಳು ವರ್ಷ ಬೇರೆಯವರಿಗೆ ಕಲಿಸಿದ ದೇಹ ಈಗ ತಾನೇ ಕಲಿತಿತ್ತು. ಸಾಧನ ಸಣ್ಣಗೆ, ಒಳಮುಖವಾಗಿ, ಕೂಗಿತು.

"ಸರಿ ಇದೆ," ಎಂದಳು ನರ್ಸಮ್ಮ. ಈ ಸಲ ಕಣ್ಣಾರೆ ನೋಡಿ ಗುರುತು ಹಾಕಿದಳು. "ಇನ್ನೊಂದು ವಿಷಯ ಆಂಟಿ. ಎಳ್ಕೊಂಡ ಮೇಲೆ ಸ್ವಲ್ಪ ಹೊತ್ತು ಉಸಿರು ಹಿಡಿದಿಡಬೇಕು. ನೀವು ಹತ್ತರವರೆಗೆ ಎಣಿಸಿ. ಎಣಿಸಿ ಮುಗಿಯೋವರೆಗೂ ಬಾಯಿ ಬಿಡಕೂಡದು, ಮಾತಾಡಕೂಡದು."

ಟೈಲರಮ್ಮ ನರ್ಸಮ್ಮನ ಮುಖವನ್ನು ಎರಡು ಕ್ಷಣ ನೋಡಿದಳು.

"ಮಾತಾಡಲೇಕೂಡದಾ?"

"ಒಂದಕ್ಷರವೂ ಕೂಡದು."

ಅಕ್ಕ ಭಾನುವಾರದ ಮೊದಲ ಬಸ್ಸಿಗೆ ಹೊರಟರು. ಸೋಮವಾರ ಬೆಳಿಗ್ಗೆ ಮೇಷ್ಟ್ರು ಅದೇ ಕುರ್ಚಿಯಲ್ಲಿ ಕೂತರು. ಗೊಂಬೆ ಎದುರಿಗೆ ತನ್ನ ಹಳೆಯ ಜಾಗಕ್ಕೆ ಬಂದಿತ್ತು. ವಕೀಲರ ಕೋಟು ವಕೀಲರ ಮನೆ ಸೇರಿದ್ದರೂ, ಮಿಕ್ಕ ಕರಿ ಬಟ್ಟೆಯ ತುಂಡೊಂದನ್ನು ಟೈಲರಮ್ಮ ಗೊಂಬೆಯ ಎದೆಗೆ ಪಿನ್ನು ಮಾಡಿದ್ದಳು. ಗಂಡನ ಮೇಲೆ ಅವಳಿಗೆ ನಂಬಿಕೆ ಇತ್ತು. ಕರಿ ಬಟ್ಟೆಯ ಮೇಲೆ ಇನ್ನೂ ಸ್ವಲ್ಪ ಹೆಚ್ಚು ಇತ್ತು.

ಸೀಟಿ ಊದಿದಳು. ಮೇಷ್ಟ್ರು ಎಳೆದುಕೊಂಡರು. ಬಾಯಿ ಬಿಗಿದು, ಎದೆ ಉಬ್ಬಿಸಿ, ಹೆಂಡತಿಯ ಎಣಿಕೆಗೆ ಕಾದರು. ಕರಿ ಬಟ್ಟೆ ಕರಿಯಾಗಿಯೇ ಇತ್ತು.

"ಒಂದು," ಎಂದಳು ಟೈಲರಮ್ಮ. "ಎರಡು. ಮೂರು. ನಾಲ್ಕು." ಅಲ್ಲಿ ನಿಲ್ಲಿಸಿ, ಮಿಷನ್ನಿನ ಮೇಲಿದ್ದ ದಾರದ ಉಂಡೆಯನ್ನು ಸರಿಯಾಗಿ ಇಟ್ಟಳು. "ಮುಂದಿನ ಕೋಣೆಯಿಂದ ನಿಮ್ಮ ಶೀಲ್ಡಿನ ಬೀರು ಹಿಂದಕ್ಕೆ ತರಿಸ್ತಿದೀನಿ. ನನ್ನ ಮಿಷನ್ನು ಅಲ್ಲಿಗೆ ಹೋಗತ್ತೆ. ಬಡಗಿಗೆ ಹತ್ತು ಗಂಟೆಗೆ ಬರೋಕೆ ಹೇಳಿದೀನಿ. ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಮೇಷ್ಟ್ರ ಕಣ್ಣುಗಳು ದೊಡ್ಡದಾದವು. ಮುಖ ಕೆಂಪಾಯಿತು. ಮೂಗಿನಿಂದ "ಹ್ಞೂಂ" ಎಂಬ ಸದ್ದೊಂದು ಹೊರಟಿತು.

"ಐದು," ಎಂದಳು ಟೈಲರಮ್ಮ.